ತಪ್ಪಿದ್ದು ಎಲ್ಲಿ ಬಿತ್ತು

ಹೋದ ತಿಂಗಳ ಎರಡನೇ ಭಾನುವಾರ, ಬೆಳಿಗ್ಗೆ ಹತ್ತೂವರೆಗೆ ಐದು ನಿಮಿಷ ಇದ್ದಾಗ, ದಾವಣಗೆರೆಯ ವಿದ್ಯಾನಗರದಲ್ಲಿರುವ ನನ್ನ ತಂಗಿಯ ಮನೆಯ ನಡುಮನೆಯಲ್ಲಿ, ಕಿಟಕಿಗೆ ಬೆನ್ನು ಮಾಡಿ, ಅರ್ಧ ಕುಡಿದ ಕಾಫಿಯ ಲೋಟ ಹಿಡಿದು ನಾನು ನಿಂತಿದ್ದೆ. ನನ್ನಿಂದ ಒಂದು ಮಾರು ದೂರದಲ್ಲಿ ಕುರ್ಚಿಯ ಮೇಲೆ ಕಾಲು ಮಡಚಿ ಕೂತಿದ್ದ ತಂಗಿಯ ಮಗಳು ಶೈಲಜ, ನಾನು ನೋಡುತ್ತಿದ್ದಂತೆಯೇ, ಹರಿಹರದ ಸೇತುವೆಗೆ ಬಾಂಬು ಹಾಕಿದಳು.

ಹೆದರಬೇಡಿ. ಸೇತುವೆ ಇದ್ದಲ್ಲೇ ಇದೆ; ಆಮೇಲೆ ಹೋಗಿ ನೋಡಿಕೊಂಡೇ ಬಂದಿದ್ದೇನೆ. ಅವಳು ಬಾಂಬು ಹಾಕಿದ್ದು ಲ್ಯಾಪ್‌ಟಾಪಿನೊಳಗಿನ ಸೇತುವೆಗೆ.

ಶೈಲಜ ಕಾಲೇಜಿನಲ್ಲಿ ಗಣಿತ ಹೇಳಿಕೊಡುತ್ತಾಳೆ. ಒಂದು ವರ್ಷದಿಂದ ಇಬ್ಬರು ಗೆಳತಿಯರ ಜೊತೆ ಸೇರಿ ಒಂದು ಯುದ್ಧದ ಆಟ ಕಟ್ಟುತ್ತಿದ್ದಾಳೆ. ಬಂದೂಕು ಹಿಡಿದು ಓಡುವ ಆಟವಲ್ಲ. ನಕ್ಷೆ ಮುಂದಿಟ್ಟುಕೊಂಡು ಎಷ್ಟು ವಿಮಾನ, ಎಷ್ಟು ಎತ್ತರ, ಹಗಲೋ ರಾತ್ರಿಯೋ ಎಂದು ತಲೆ ಓಡಿಸುವ ಆಟ. ಒಂದು ಕಡೆ ಕೆಂಪು ದೇಶ, ಇನ್ನೊಂದು ಕಡೆ ನೀಲಿ ದೇಶ. ಎರಡೂ ಭೂಮಿಯ ಮೇಲಿಲ್ಲ. ಆದರೆ ಎರಡರ ಗಡಿಯಲ್ಲಿ ಹರಿಯುವ ನದಿ ಮಾತ್ರ ನಮ್ಮ ತುಂಗಭದ್ರೆ. ಅದು ತಿರುಗುವ ಕಡೆ ತಿರುಗುತ್ತದೆ, ಮರಳು ಬೀಳುವ ಕಡೆ ಮರಳು ಬೀಳುತ್ತದೆ. ಮೂವತ್ತೊಂದು ವರ್ಷ ಹೊಲ ಅಳೆಯುವ ಸರ್ವೆ ಕೆಲಸ ಮಾಡಿದವನಿಗೆ ಅಷ್ಟು ಗುರುತು ಹತ್ತದೆ ಇರುತ್ತದೆಯೇ?

"ಅಲ್ಲೇ ಶೈಲಾ, ಬಾಂಬು ಹಾಕೋಕೆ ನಿಂಗೆ ಹರಿಹರಾನೇ ಸಿಕ್ತೇನೇ?"

"ಹೊಳೆ, ಸೇತುವೆ, ರೈಲು ಎಲ್ಲಾ ಒಂದೇ ಕಡೆ ಐತಲ್ಲ ಮಾಮ. ಬ್ಯಾರೆ ಊರು ಹುಡುಕ್ಕೊಂಡು ಯಾಕ ಹೋಗ್ಲಿ? ಈಗ ನೋಡ್ರಿ, ಆರು ವಿಮಾನ, ತೀರಾ ಕೆಳಗಿಂದ ಬರ್ತಾವೆ."

ಬಂದವು. ಪರದೆಯ ಮೂಲೆಯಲ್ಲಿ ಅಕ್ಷರ ಮೂಡಿತು: ಎರಡು ಗುರಿ ಮುಟ್ಟಿದವು, ನಾಲ್ಕು ಗುರಿ ತಪ್ಪಿದವು. ಸೇತುವೆಯ ಒಂದು ಕಮಾನು ಕುಸಿಯಿತು. ಶೈಲಜ ಕೈ ತಟ್ಟಿದಳು. ನಾನು ಬಗ್ಗಿ ನದಿಯ ಎರಡೂ ದಂಡೆ ನೋಡಿದೆ. ಹುಲ್ಲು ಕೂಡ ಅಲುಗಿರಲಿಲ್ಲ.

"ತಪ್ಪಿದ್ದು ನಾಲ್ಕು ಎಲ್ಲಿ ಬಿದ್ವು?" ಎಂದೆ.

"ಎಲ್ಲೂ ಬೀಳಲ್ಲ. ತಪ್ಪಿದ್ವು ಅಂದ್ರೆ ಮುಗೀತು."

"ಗಾಳಿಯಾಗೆ ಕರಗಿ ಹೋದ್ವೇನು?"

"ಮಾಮ, ಆಟ ಕಣ್ರಿ ಇದು!"

ಆಟ ಎನ್ನುವುದು ನನಗೂ ಗೊತ್ತಿದೆ. ಚಿಕ್ಕಂದಿನಲ್ಲಿ ಆನೆಕೊಂಡದ ಗುಡಿಯ ಕಟ್ಟೆಯ ಮೇಲೆ ಇದ್ದಿಲಿನಲ್ಲಿ ಮನೆ ಬರೆದು ಹುಲಿ-ಕುರಿ ಆಡಿದವನು ನಾನು. ನಮ್ಮ ಅಜ್ಜಿ ಹುಲಿಯ ಕಡೆ ಆಡುತ್ತಿದ್ದಳು, ತಿಂದ ಕುರಿಗಳನ್ನು, ಅಂದರೆ ಹುಣಿಸೆ ಬೀಜಗಳನ್ನು, ಸೆರಗಿನೊಳಗೆ ಹಾಕಿಕೊಳ್ಳುತ್ತಿದ್ದಳು. ನಾನು ಎಣಿಸಲು ಹೋದರೆ ಕೈ ಮೇಲೆ ಏಟು. ಆದರೆ ಒಂದು ಮಾತು ಗಮನಿಸಿ: ಆ ಆಟದಲ್ಲಿ ಹುಲಿ ಹಾರಿದರೆ ಕುರಿ ಸತ್ತಂತೆಯೇ. ಹುಲಿ ಹಾರಿ, ಗುರಿ ತಪ್ಪಿ, ಪಕ್ಕದ ಮನೆಯಲ್ಲಿ ತನ್ನ ಪಾಡಿಗೆ ಮೇಯುತ್ತಿದ್ದ ಇನ್ನೊಂದು ಕುರಿಯ ಮೇಲೆ ಬೀಳುವುದು ಅಂತ ಇಲ್ಲ. ಗುರಿ ತಪ್ಪುವುದನ್ನು ಆಟದೊಳಗೆ ತಂದವರು ಈಗಿನವರು. ತಂದ ಮೇಲೆ ಅದಕ್ಕೊಂದು ಜಾಗವನ್ನೂ ಕೊಡಬೇಕಲ್ಲ.

ನಾನು ಇಷ್ಟು ಗಟ್ಟಿಯಾಗಿ ಮಾತಾಡಲು ಕಾರಣವಿದೆ. ಕೆಳಗೆ ಹಾರುವ ವಿಮಾನದ ಬಗ್ಗೆ ವಿದ್ಯಾನಗರದಲ್ಲಿ ನನಗಿಂತ ಹೆಚ್ಚು ತಿಳಿದವರು ಇರಲಿಕ್ಕಿಲ್ಲ. ಹಾಗೆಂದು ನಾನು ವಿಮಾನ ಹತ್ತಿದವನಲ್ಲ, ಇಂದಿನವರೆಗೂ ಹತ್ತಿಲ್ಲ. ಆದರೆ ನನ್ನ ಇಪ್ಪತ್ತೆರಡನೇ ವಯಸ್ಸಿನಲ್ಲಿ ಒಂದು ಹಂಗಾಮು ಪೂರ್ತಿ, ದಿನಕ್ಕೆ ಇಪ್ಪತ್ತು ಸಲ, ವಿಮಾನಗಳು ನನ್ನ ಮೇಲೆ ಹಾರಿವೆ.

ಆಗ ಹತ್ತಿಗೆ ಹುಳ ಬಿದ್ದರೆ ಔಷಧ ಹೊಡೆಯಲು ಸಣ್ಣ ವಿಮಾನ ಬರುತ್ತಿತ್ತು. ಗುತ್ತಿಗೆಯವರೊಬ್ಬರು ಅದನ್ನು ತರಿಸುತ್ತಿದ್ದರು. ಆಕಾಶದಿಂದ ನೋಡಿದರೆ ಹೊಲವೆಲ್ಲ ಒಂದೇ ಹಸಿರು; ಎಲ್ಲಿಯವರೆಗೆ ಹೊಡೆದಾಯಿತು, ಎಲ್ಲಿಂದ ಹೊಡೆಯಬೇಕು ಎನ್ನುವುದು ಪೈಲಟ್ಟಿಗೆ ಗೊತ್ತಾಗುವುದಿಲ್ಲ. ಅದಕ್ಕೆ ಹೊಲದ ಎರಡು ತುದಿಗೆ ಇಬ್ಬರು ಆಳು, ಇಬ್ಬರ ಕೈಯಲ್ಲೂ ಬಿದಿರಿನ ಗಳ, ಗಳಕ್ಕೆ ಬಿಳಿ ಬಟ್ಟೆ. ಇಬ್ಬರ ಬಾವುಟವನ್ನೂ ಒಂದು ಗೆರೆಗೆ ತಂದುಕೊಂಡು ಪೈಲಟ್ಟು ಹಾರಬೇಕು. ವಿಮಾನ ತಿರುಗಿ ನಮ್ಮ ಕಡೆ ಮೂಗು ಮಾಡಿದೊಡನೆ ಬಾವುಟವನ್ನು ಎರಡು ಸಲ ಬೀಸಿ, ಗಾಳಿಗೆ ಎದುರಾಗಿ ಇಪ್ಪತ್ತು ಹೆಜ್ಜೆ ನಡೆದುಬಿಡಬೇಕು. ಇಪ್ಪತ್ತು ಹೆಜ್ಜೆ ಎಂದರೆ ಐವತ್ತು ಅಡಿ. ಅದು ಒಂದು ಪಟ್ಟೆಯ ಅಗಲ. ಅಲ್ಲಿ ನಿಂತು ಮುಂದಿನ ಪಟ್ಟೆಗೆ ಬಾವುಟ ಎತ್ತಬೇಕು. ನಾನು ದಕ್ಷಿಣದ ಬದುವಿನ ಮೇಲೆ. ಉತ್ತರದ ಬದುವಿನ ಮೇಲೆ ನನ್ನ ಜೊತೆಗಾರ ಕರಿಬಸಪ್ಪ. ಗಿಡ್ಡ ಆಳು, ನನಗಿಂತ ಎರಡು ವರ್ಷ ದೊಡ್ಡವನು, ಬಾಯಲ್ಲಿ ಸದಾ ಹಾಡು.

ವಿಮಾನ ಹತ್ತಿಯ ತುದಿಗಿಂತ ಹತ್ತು ಅಡಿ ಮೇಲೆ ಬರುತ್ತಿತ್ತು. ಮೊದಲು ಕಾಣುತ್ತದೆ, ಆಮೇಲೆ ಕೇಳುತ್ತದೆ, ಆಮೇಲೆ ಹೊಟ್ಟೆಯೊಳಗೆ ನಡುಗುತ್ತದೆ. ಈ ಮೂರೂ ಒಂದರ ಹಿಂದೊಂದು ಬರಲು ಮೂರು ಉಸಿರು ಸಾಕು. ನಾನು ಒಂದು ಸಲ ಪೈಲಟ್ಟನ್ನು ಕೇಳಿದ್ದೆ: "ಕೆಳಗೆ ಏನು ಕಾಣ್ತದೆ ಸಾರ್?" ಅವರು ನಕ್ಕು, "ಕೆಳಗೆ ನೋಡಿದರೆ ನಾನು ಉಳಿಯೋದಿಲ್ಲ. ಮುಂದೆ ನೋಡ್ತೇನೆ, ನಿನ್ನ ಬಟ್ಟೆ ನೋಡ್ತೇನೆ, ಕರೆಂಟ್ ತಂತಿ ನೋಡ್ತೇನೆ" ಎಂದಿದ್ದರು.

ಈ ಮಾತನ್ನು ನಾನು ಶೈಲಜಳಿಗೆ ಹೇಳಿದೆ. ಅವಳ ಆಟದಲ್ಲಿ ವಿಮಾನ ಕೆಳಗಿಳಿದಷ್ಟೂ ಗುರಿ ಚುರುಕಾಗುತ್ತದೆ, ಬೆಲೆಯೆಂದರೆ ಕೆಳಗಿನ ಗುಂಡಿನ ಭಯ ಮಾತ್ರ. ಅರ್ಧ ಸತ್ಯ, ಎಂದೆ. ಕೆಳಗಿಳಿದರೆ ಗುರಿ ದೊಡ್ಡದಾಗುತ್ತದೆ, ಹೌದು. ಆದರೆ ಅದು ಕಣ್ಣಿಗೆ ಸಿಗುವುದು ರೆಪ್ಪೆ ಬಡಿಯುವಷ್ಟು ಹೊತ್ತು. ಆ ಹೊತ್ತಿನಲ್ಲಿ ಪೈಲಟ್ಟು ನೋಡುವುದು ಗುರಿಯನ್ನಲ್ಲ, ಗುರಿ ತೋರಿಸಲು ಯಾರೋ ಹಿಡಿದ ಬಟ್ಟೆಯನ್ನು. ಬಟ್ಟೆ ಹಿಡಿದವನು ತಪ್ಪಿದರೆ ಪೈಲಟ್ಟು ಎಷ್ಟು ಜಾಣನಾದರೂ ತಪ್ಪಿದಂತೆಯೇ.

"ಬಟ್ಟೆ ಹಿಡ್ದೋನು ಎಷ್ಟು ತಪ್ತಾನೆ ಮಾಮ? ನಂಗೊಂದು ಲೆಕ್ಕ ಬೇಕು," ಎಂದಳು ಶೈಲಜ, ಪೆನ್ನು ತೆಗೆದುಕೊಂಡು.

ಲೆಕ್ಕ ನನ್ನ ಹತ್ತಿರ ಇತ್ತು. ನಲವತ್ತೇಳು ವರ್ಷದಿಂದ ಇತ್ತು. ಆನಗೋಡಿನ ಹತ್ತಿರದ ಆ ಹೊಲದ್ದು.

ಬೆಳಿಗ್ಗೆ ಏಳೂಕಾಲು. ಗಾಳಿ ಪಶ್ಚಿಮದಿಂದ, ಸಣ್ಣಗೆ. ಅಂದು ಇಪ್ಪತ್ತು ಪಟ್ಟೆ ಹೊಡೆಯುವುದು ಎಂದು ಗುತ್ತಿಗೆಯವರು ಗೊತ್ತು ಮಾಡಿದ್ದರು. ಅದರಾಚೆಗೂ ಅದೇ ಹತ್ತಿ, ಸೊಂಟದೆತ್ತರ, ನಡುವೆ ಬದುವಿಲ್ಲ, ಬೇಲಿಯಿಲ್ಲ. ಅಲ್ಲಿ ಮೂವರು ಹೆಂಗಸರು ಕಳೆ ತೆಗೆಯುತ್ತಿದ್ದರು. ಕೊನೆಯ ಪಟ್ಟೆಯಿಂದ ಎರಡು ಪಟ್ಟೆ, ಅಂದರೆ ನೂರು ಅಡಿ, ಬಿಟ್ಟು ಇರಬೇಕು ಎಂದು ಅವರಿಗೆ ಮೊದಲೇ ಹೇಳಿದ್ದರು, ಅವರು ಹಾಗೆಯೇ ಬಿಟ್ಟಿದ್ದರು. ಬಗ್ಗಿ ಕೆಲಸ ಮಾಡುತ್ತಿದ್ದುದರಿಂದ ನಮಗೆ ಅವರು ಕಾಣುತ್ತಿರಲಿಲ್ಲ. ಇಪ್ಪತ್ತನೇ ಪಟ್ಟೆಗೆ ವಿಮಾನ ಉತ್ತರದಿಂದ ಬಂತು. ಔಷಧದ ಬಿಳಿ ಮಂಜು ಅದರ ಹಿಂದೆ ಬಿಚ್ಚಿಕೊಂಡು ಬಂತು. ನನ್ನಿಂದ ಸುಮಾರು ಎಂಬತ್ತು ಅಡಿ ಮುಂದೆ, ಆ ಮಂಜಿನ ದಾರಿಯೊಳಗೇ, ಮೂವರು ಎದ್ದು ನಿಂತರು. ಇಬ್ಬರು ಓಡಿದರು. ಒಬ್ಬಳು ಓಡಲಿಲ್ಲ, ಕಣ್ಣಿಗೆ ಕೈ ಅಡ್ಡ ಹಿಡಿದು ವಿಮಾನವನ್ನು ನೋಡಿದಳು. ಆಮೇಲೆ ಅವಳು ಕಾಣಲಿಲ್ಲ. ಬಿಳಿ ಇಳಿದ ಮೇಲೆ ಕಂಡಳು, ಮಂಡಿಯೂರಿ ಕೂತಿದ್ದಳು.

ಅವಳು ಹೊನ್ನಮ್ಮ. ಆಗ ಇಪ್ಪತ್ತೈದರ ಆಸುಪಾಸು. ವಾಂತಿ, ಬಾಯಲ್ಲಿ ನೊರೆ, ಕಣ್ಣಪಾಪೆ ಸಾಸಿವೆಯಷ್ಟು. ಗುತ್ತಿಗೆಯವರ ಜೀಪಿನಲ್ಲೇ ದಾವಣಗೆರೆಯ ಆಸ್ಪತ್ರೆಗೆ ಒಯ್ದರು. ಒಂಬತ್ತು ದಿನ ಇದ್ದು ಬದುಕಿ ಬಂದಳು.

ಅದೇ ಮಧ್ಯಾಹ್ನ ಗುತ್ತಿಗೆಯವರ ಮೇಲ್ವಿಚಾರಕರು ಟೇಪು ಹಿಡಿದು ಬಂದರು. ಪಟ್ಟೆಗಳು ಓರೆಯಾಗಿವೆ ಎನ್ನುವುದು ಎಲೆಯ ಮೇಲಿನ ಔಷಧದ ಗುರುತಿನಿಂದಲೇ ತಿಳಿಯುತ್ತಿತ್ತು. ಇಬ್ಬರೂ ಇಪ್ಪತ್ತು ಇಪ್ಪತ್ತು ಹೆಜ್ಜೆ ನಡೆಯಿರಿ ಎಂದರು. ನಾನು ನಡೆದೆ: ಐವತ್ತು ಅಡಿ, ಕೂದಲಷ್ಟೂ ವ್ಯತ್ಯಾಸವಿಲ್ಲ. ಕರಿಬಸಪ್ಪ ನಡೆದ: ನಲವತ್ತೈದು. ಗಿಡ್ಡ ಕಾಲು, ಗಿಡ್ಡ ಹೆಜ್ಜೆ. "ಇವನ ಹೆಜ್ಜೆ ಮೊದಲಿಂದಲೂ ಹಿಂಗೇನಾ?" ಎಂದು ನನ್ನನ್ನು ಕೇಳಿದರು. ಹೌದು, ಎಂದೆ. ನಿಜವನ್ನೇ ಹೇಳಿದ್ದೆ. ಕರಿಬಸಪ್ಪನನ್ನು ಅಂದೇ ಕೆಲಸದಿಂದ ಬಿಡಿಸಿದರು. ಅವನು ಮಂಡಕ್ಕಿ ಭಟ್ಟಿ ಸೇರಿ, ಬೆಂಕಿಯ ಮುಂದೆ ಮರಳಿನಲ್ಲಿ ಅಕ್ಕಿ ಹುರಿಯುತ್ತ ವರ್ಷಗಳನ್ನು ಕಳೆದ. ನನಗೆ ಅದೇ ಮೇಲ್ವಿಚಾರಕರು ಕೊಟ್ಟ ಚೀಟಿಯಿಂದ ಸರ್ವೆ ಕೆಲಸ ಸಿಕ್ಕಿತು. "ಈ ಹುಡುಗನ ಹೆಜ್ಜೆ ಟೇಪಿಗಿಂತ ಸರಿ" ಎಂದು ಬರೆದುಕೊಟ್ಟಿದ್ದರು.

ನಾನು ಇದನ್ನೆಲ್ಲ ಶೈಲಜಳಿಗೆ ಹೇಳಿ, ಕೊನೆಗೆ, "ಬರ್ಕೋ. ಹೆಜ್ಜೆಗೆ ಮೂರು ಇಂಚು ತಪ್ಪು," ಎಂದೆ. ಅವಳು ಬರೆದುಕೊಂಡಳು.

ಆಮೇಲೆ ಮಾತು ರಾತ್ರಿಯ ದಾಳಿಗೆ ತಿರುಗಿತು. ಅವಳ ಆಟದಲ್ಲಿ ರಾತ್ರಿ ಎಂದರೆ ಪರದೆ ನೀಲಿಯಾಗುತ್ತದೆ, ಕೆಳಗಿನವರ ಗುಂಡು ಅರ್ಧಕ್ಕರ್ಧ ಸುಳ್ಳಾಗುತ್ತದೆ, ಮೇಲಿನವರ ಗುರಿ ಮಾತ್ರ ಚೂರೇ ಚೂರು ಮಂಕಾಗುತ್ತದೆ. ಅಂದರೆ ಕತ್ತಲೆಗೂ ಒಂದು ಪಕ್ಷಪಾತ! ಶೈಲಜ ಓದಿದವಳು; ತಾನೇ ಒಪ್ಪಿಕೊಂಡಳು. ನಿಜವಾದ ಯುದ್ಧದಲ್ಲಿ ಕತ್ತಲಲ್ಲಿ ಹೊರಟವರು ಊರನ್ನೇ ತಪ್ಪಿಸಿ ಇನ್ನೊಂದು ಊರಿನ ಮೇಲೆ ಸುರಿದು ಬಂದದ್ದುಂಟಂತೆ. ಅದಕ್ಕೆ ಮೊದಲು ಹೋದವರು ಬಣ್ಣದ ಬೆಳಕು ಚೆಲ್ಲಿ ಗುರುತು ಮಾಡುವುದು, ಹಿಂದಿನವರು ಆ ಬೆಳಕಿಗೆ ಹಾಕುವುದು. ಆದರೆ ಹಿಂದಿನವನು ಬೆಳಕು ಕಂಡ ತಕ್ಷಣ ಒಂದು ಗಳಿಗೆ ಮುಂಚೆಯೇ ಕೈ ಬಿಡುತ್ತಾನೆ. ಅವನ ಹಿಂದಿನವನು ಇವನ ಬೆಂಕಿ ನೋಡಿ ಇನ್ನೂ ಮುಂಚೆ. ಹೀಗೆ ಬಾಂಬು ಗುರಿಯಿಂದ ಹಿಂದಕ್ಕೆ, ಬಂದ ದಾರಿಗುಂಟ, ಹೊಲ ಮನೆಗಳ ಮೇಲೆ ತೆವಳುತ್ತ ಬರುತ್ತದಂತೆ.

"ಇದು ಯಾಕ ಹಿಂಗಾಗ್ತದೆ ಅಂತ ಆಡೋರಿಗೆ ಹೆಂಗೆ ತಿಳ್ಸೋದು ಮಾಮ?"

"ಮದುವೆ ಛತ್ರಕ್ಕೆ ಕರ್ಕೊಂಡು ಹೋಗು," ಎಂದೆ.

ನೀವೇ ನೆನೆಸಿಕೊಳ್ಳಿ. ಮಾಂಗಲ್ಯಕ್ಕೆ ವಾದ್ಯ ಬಡಿದ ತಕ್ಷಣ ಛತ್ರದಲ್ಲಿದ್ದವರೆಲ್ಲ ಅಕ್ಷತೆ ಎಸೆಯುತ್ತಾರೆ. ಮುಂದಿನ ಸಾಲಿನದು ಮದುಮಕ್ಕಳ ತಲೆ ಮೇಲೆ. ಎರಡನೆಯದು ಪುರೋಹಿತರ ಮೇಲೆ. ಹದಿನೈದನೇ ಸಾಲಿನಲ್ಲಿ ಎದ್ದು ನಿಂತ, ಮದುಮಕ್ಕಳನ್ನು ಕಂಡೇ ಇಲ್ಲದವರು ಎಸೆದದ್ದು ಹದಿನಾಲ್ಕನೇ ಸಾಲಿನ ಬೋಳು ತಲೆಗಳ ಮೇಲೆ. ಎಸೆಯುವ ಕೈಗೆ ಗುರಿ ಮುಖ್ಯವಲ್ಲ. ವಾದ್ಯ ಬಡಿಯಿತು, ಕೈ ಖಾಲಿಯಾಗಬೇಕು, ಊಟಕ್ಕೆ ಓಡಬೇಕು. ನನ್ನ ತಲೆ ಬೋಳಾದ ಮೇಲೆ ಈ ವಿಷಯದಲ್ಲಿ ನನ್ನ ತಿಳಿವಳಿಕೆ ಹೆಚ್ಚಾಗಿದೆ. ಶೈಲಜ ನಗುತ್ತ ಅದನ್ನೂ ಬರೆದುಕೊಂಡಳು. ಅಂದು ಮಧ್ಯಾಹ್ನ ನಾನು ಊಟ ಮಾಡಿ ಹೊರಟಾಗ, ಯುದ್ಧಶಾಸ್ತ್ರಕ್ಕೆ ಕೈಲಾದ ಸೇವೆ ಮಾಡಿದ ಸಮಾಧಾನ ಇತ್ತು.

ಬುಧವಾರ ಸಂಜೆ ಶೈಲಜ ಫೋನು ಮಾಡಿ, ಬರಲು ಹೇಳಿದಳು.

ಅವಳು ನನ್ನ ಆನಗೋಡಿನ ಹೊಲವನ್ನೇ ಆಟದೊಳಗೆ ಹಾಕಿದ್ದಳು, ಲೆಕ್ಕ ತಾಳೆ ನೋಡಲು. ಎರಡು ಬದು, ಎರಡು ಬಾವುಟ, ಇಪ್ಪತ್ತು ಪಟ್ಟೆ, ಅದರಾಚೆ ಮೂರು ಚುಕ್ಕೆ. ಆ ಮೂರು ಚುಕ್ಕೆ ನೋಡಿ, ಕಾಫಿ ಬೇಡ ಎಂದೆ.

"ಮಾಮ, ಸರಿಯಾಗಿ ಕೇಳ್ರಿ. ಕರಿಬಸಪ್ಪ ಅನ್ನೋರ ಹೆಜ್ಜೆ ಸಣ್ಣದು. ಅಂದ್ರೆ ಅವರ ಬಾವುಟ ಹಿಂದೆ ಉಳೀಬೇಕು, ಹೌದಾ? ಮುಂದೆ ಹೋಗೋಕೆ ಸಾಧ್ಯ ಇಲ್ಲ."

"ಹೌದು."

"ಹೆಂಗಸರು ಇದ್ದದ್ದು ಮುಂದೆ. ನೂರು ಅಡಿ ಮುಂದೆ. ಅದೂ ನಿಮ್ಮ ತುದಿಯಾಗೆ. ಅವರು ಎಷ್ಟು ಸಣ್ಣ ಹೆಜ್ಜೆ ಹಾಕಿದ್ರೂ ಔಷಧ ಹೊನ್ನಮ್ಮನಿಂದ ದೂರ ಹೋಗ್ತದೆ ಹೊರತು ಮೇಲೆ ಬೀಳಲ್ಲ. ನಾ ನಲವತ್ತು ಸಲ ಹಾರಿಸಿ ನೋಡಿದ್ದೀನಿ."

ನಾನು ಪರದೆ ನೋಡುತ್ತ ನಿಂತೆ. ಅವಳು ಇನ್ನೊಂದು ಸಲ ಹಾರಿಸಿದಳು. ಬಿಳಿ ಪಟ್ಟೆ ಮೂರು ಚುಕ್ಕೆಗಳಿಂದ ದೂರವೇ ಹೋಯಿತು.

"ಬೀಳಬೇಕು ಅಂದ್ರೆ," ಎಂದು ಅವಳು ದನಿ ತಗ್ಗಿಸಿದಳು, "ಈ ಕಡೆಯ ಹೆಜ್ಜೆ ನಾಲ್ಕು ಇಂಚು ದೊಡ್ಡದಾಗಬೇಕು ಮಾಮ. ಮುನ್ನೂರ ಎಂಬತ್ತು ಹೆಜ್ಜೆಗೆ ನೂರಿಪ್ಪತ್ತಾರು ಅಡಿ. ಆಗ ಕರೆಕ್ಟಾಗಿ ಬೀಳ್ತದೆ."

ಈ ಕಡೆ ಎಂದರೆ ದಕ್ಷಿಣ. ನಾನು ನಿಂತಿದ್ದ ಕಡೆ.

ಮೂವತ್ತೊಂದು ವರ್ಷ ಇನ್ನೊಬ್ಬರ ಹೊಲದ ಗಡಿ ಅಳೆದು, ಗೇಣು ಜಾಗಕ್ಕೆ ಅಣ್ಣತಮ್ಮಂದಿರ ಜಗಳ ಬಿಡಿಸಿದವನು ನಾನು. ಈ ಲೆಕ್ಕ ನನಗೆ ಬೆರಳ ತುದಿಯದು. ಒಂದು ದಿನವೂ ಹಾಕಿ ನೋಡಿರಲಿಲ್ಲ. ಮರೆತಿದ್ದೆ ಎಂದು ಹೇಳಲಾರೆ. ತಿಂಗಳಿಗೊಮ್ಮೆಯಾದರೂ ಹೊನ್ನಮ್ಮ ಕಣ್ಣಿಗೆ ಕೈ ಅಡ್ಡ ಹಿಡಿದು ನಿಲ್ಲುತ್ತಿದ್ದಳು. ಆದರೆ ಅವಳ ಹಿಂದೆಯೇ ಕರಿಬಸಪ್ಪನ ನಲವತ್ತೈದು ಅಡಿ ಬಂದು ನನ್ನನ್ನು ಕಾಪಾಡುತ್ತಿತ್ತು.

ಮರುದಿನ ಬೆಳಿಗ್ಗೆ ಟೇಪು ಹಿಡಿದು ಮೈದಾನಕ್ಕೆ ಹೋದೆ. ವಾಕಿಂಗಿಗೆ ಬಂದವರು ನನಗೆ ಬುದ್ಧಿಭ್ರಮಣೆ ಎಂದುಕೊಂಡಿರಬೇಕು. ಇಪ್ಪತ್ತು ಹೆಜ್ಜೆ ನಡೆದೆ. ಅರವತ್ತೊಂಬತ್ತರ ಕಾಲಿಗೂ ನಲವತ್ತೊಂಬತ್ತು ಅಡಿ ಎಂಟು ಇಂಚು! ಎದೆಯುಬ್ಬಿಸಿ ಶೈಲಜಳಿಗೆ ಫೋನು ಮಾಡಿದೆ.

"ನನ್ನ ಹೆಜ್ಜೆ ಅವತ್ತೂ ಸರಿ ಇತ್ತು, ಇವತ್ತೂ ಸರಿ ಐತೆ."

ಅವಳು, "ಮಾಮ, ಮೇಲೆ ವಿಮಾನ ಇರ್ಲಿಲ್ಲ," ಎಂದಳು.

ಅಷ್ಟೇ ಹೇಳಿದ್ದು. ಅವಳ ಆಟದ ಅಂಕಿಗಳ ಮೇಲೆ ನನಗಿದ್ದ ತಕರಾರಿಗೆಲ್ಲ ಅದೇ ಮಾತು ಸಾಕಿತ್ತು. ಯಾರೂ ಗುಂಡು ಹಾರಿಸದ ಬಯಲಿನಲ್ಲಿ, ಒಳ್ಳೆಯ ಬೆಳಕಿನಲ್ಲಿ, ಅಭ್ಯಾಸಕ್ಕೆಂದು ಹಾಕಿದ ಬಾಂಬಿನ ಲೆಕ್ಕ ತಂದು ಯುದ್ಧಕ್ಕೆ ಹಚ್ಚಿದಂತೆಯೇ ಇದು. ನನ್ನ ಹೆಜ್ಜೆಯನ್ನೂ ಮೇಲ್ವಿಚಾರಕರು ವಿಮಾನ ಹೋದ ಮೇಲೆಯೇ ಅಳೆದಿದ್ದರು.

ವಿಮಾನ ಇದ್ದಾಗ ಅಳೆದವನು ಒಬ್ಬನೇ. ಎದುರಿನ ಬದುವಿನ ಮೇಲೆ ನಿಂತಿದ್ದವನು.

ಕರಿಬಸಪ್ಪ ಹರಿಹರದಲ್ಲಿ ಮಗನ ಸೈಕಲ್ ಅಂಗಡಿಯ ಮುಂದೆ ಕುರ್ಚಿ ಹಾಕಿಕೊಂಡು ಕೂತಿರುತ್ತಾನೆ ಎನ್ನುವುದು ನನಗೆ ಗೊತ್ತಿತ್ತು. ಮದುವೆ, ತಿಥಿಗಳಲ್ಲಿ ಸಿಕ್ಕಿದ್ದೆವು, ನಕ್ಕಿದ್ದೆವು. ಹೊಲದ ಮಾತು ಇಬ್ಬರೂ ಎತ್ತಿರಲಿಲ್ಲ. ಶನಿವಾರ ಹನ್ನೊಂದಕ್ಕೆ ಬಸ್ಸಿಳಿದು, ಮೊದಲು ಹೊಳೆಯ ದಂಡೆಗೆ ಹೋಗಿ ಸೇತುವೆ ನೋಡಿಕೊಂಡೆ. ಧೈರ್ಯ ಕೂಡಿಸಿಕೊಳ್ಳಲು ಅಷ್ಟು ಹೊತ್ತು ಬೇಕಿತ್ತು.

"ಬಾರಲೇ ರುದ್ರೇಶಿ! ಯಾರು ಸತ್ರು?" ಎಂದ ಕರಿಬಸಪ್ಪ. ನಮ್ಮ ವಯಸ್ಸಿನವರು ಹೇಳದೆ ಕೇಳದೆ ಬಂದರೆ ಅದೇ ಮೊದಲ ಪ್ರಶ್ನೆ.

"ಯಾರೂ ಇಲ್ಲ. ಒಂದು ಮಾತು ಕೇಳೋಕೆ ಬಂದೆ. ಆನಗೋಡು ಹೊಲದಾಗೆ ನಾನು ಹೆಂಗೆ ನಡೀತಿದ್ದೆ?"

ಅವನು ಒತ್ತಿಕೊಳ್ಳುತ್ತಿದ್ದ ಮಂಡಿಯ ಮೇಲಿಂದ ಕೈ ತೆಗೆದ.

"ನಡೀತಿರ್ಲಿಲ್ಲ. ಓಡ್ತಿದ್ದೆ."

"ಓಡ್ತಿದ್ನಾ?"

"ಮೊದ್ಲು ಐದಾರು ಪಟ್ಟೆ ನಡೀತಿದ್ದೆ. ಆಮೇಲೆ ವಿಮಾನ ಹತ್ರ ಬಂದಂಗೆಲ್ಲ ನಿನ್ನ ಬಾವುಟ ಕುಣೀತಿತ್ತು. ನಡೆಯೋನ ಬಾವುಟ ಕುಣಿಯಲ್ಲ ಕಣೋ. ಬಾಯಾಗೆ ಎಣಿಸ್ತಾನೆ ಇದ್ದೆ, ಇಪ್ಪತ್ತಕ್ಕೆ ಸರಿಯಾಗಿ ನಿಲ್ತಿದ್ದೆ. ಎಣಿಕೆ ತಪ್ಪಿಲ್ಲ ನೀನು."

"ಮತ್ತೆ ನೀನು?"

"ನಂಗೂ ಹೆದ್ರಿಕೆ. ನಂಗೆ ಹೆದ್ರಿಕೆ ಆದ್ರೆ ಕಾಲು ಕಟ್ಕೊಂತಾವೆ. ಅದಕ್ಕೇ ಹಾಡು ಹೇಳ್ತಿದ್ದೆ. ನಿಂಗೆ ಕಾಲು ಬಿಚ್ಕೊಂತಾವೆ. ದೇವ್ರು ಇಬ್ರಿಗೂ ಒಂದೊಂದು ಕೊಟ್ಟಿದ್ದ." ನಕ್ಕ.

"ಮೇಲ್ವಿಚಾರಕರು ಅಳೆಯೋವಾಗ ಯಾಕ ಹೇಳ್ಲಿಲ್ಲ?"

"ಹೇಳಿದೆ. 'ಅವನು ಓಡಿದ ಸಾರ್' ಅಂತ ಎಲ್ರ ಮುಂದೆ ಹೇಳಿದೆ. ಅವ್ರು ನಿನ್ನ ಕಡೆ ತಿರುಗಿ ಕೇಳಿದ್ರು. ನೀನು ಇಲ್ಲ ಅಂದೆ."

ನನಗೆ ನೆನಪಿರಲಿಲ್ಲ. ಈಗಲೂ ಇಲ್ಲ. ಟೇಪಿನ ಬಣ್ಣ ನೆನಪಿದೆ, ಮೇಲ್ವಿಚಾರಕರ ಬೂಟಿನ ಮಣ್ಣು ನೆನಪಿದೆ, ಕರಿಬಸಪ್ಪನ ಹೆಜ್ಜೆ ಮೊದಲಿಂದಲೂ ಸಣ್ಣದು ಎಂದು ನಾನು ಹೇಳಿದ ಮಾತು ನೆನಪಿದೆ. "ಇಲ್ಲ" ಎಂದದ್ದು ನೆನಪಿಲ್ಲ. ಆದರೆ ಕರಿಬಸಪ್ಪ ಹೇಳುತ್ತಾನೆ, ಅವನಿಗೆ ಸುಳ್ಳು ಹೇಳಿ ಆಗಬೇಕಾದ್ದು ಏನೂ ಉಳಿದಿಲ್ಲ. ಆದ್ದರಿಂದ ಅದನ್ನು ನಡೆದದ್ದು ಎಂದೇ ಇಲ್ಲಿ ಬರೆಯುತ್ತಿದ್ದೇನೆ: ನಾನು ಓಡಿದ್ದೆ. ಕೇಳಿದಾಗ ಇಲ್ಲ ಎಂದೆ. ಔಷಧ ಹೊನ್ನಮ್ಮನ ಮೇಲೆ ಬಿದ್ದದ್ದು ನನ್ನ ಬಾವುಟದಿಂದ. ಕೆಲಸ ಹೋದದ್ದು ಕರಿಬಸಪ್ಪನದು.

"ತಪ್ಪಾಯ್ತು ಕಣೋ," ಎಂದೆ.

"ಆಯ್ತಲ್ಲ. ಚಾ ಕುಡೀತೀಯೇನು?" ಎಂದ. ಚಾ ಬಂತು. ಅರ್ಧ ಕುಡಿದ ಮೇಲೆ ಅವನು ಹೇಳಿದ ಮಾತು ಇದು: "ನಂಗೇನು ಬ್ಯಾಡ. ಭಟ್ಟಿ ನನ್ನ ಸಾಕಿತು. ಆದ್ರೆ ಹೊನ್ನಮ್ಮಂಗೆ ಹೇಳು. ಆಯಮ್ಮ ನಾನು ಅಂತ ತಿಳ್ಕೊಂಡಾಳೆ. ಒಂದ್ಸಲ ಆನೆಕೊಂಡದಾಗೆ ಎದುರಿಗೆ ಸಿಕ್ಕಾಗ ಸೆರಗು ಮುಚ್ಕೊಂಡು ಆ ಕಡೆ ತಿರುಗಿದ್ಲು. ಅದೊಂದು ನಂಗೆ ಹೋಗಿಲ್ಲ."

ಮರುದಿನ ಭಾನುವಾರ ಅವನೂ ಬಂದ. ಶೈಲಜ ಕಾರಿನಲ್ಲಿ ನಮ್ಮಿಬ್ಬರನ್ನೂ ಆನೆಕೊಂಡಕ್ಕೆ ಕರೆದುಕೊಂಡು ಹೋದಳು. ದಾರಿಯಲ್ಲಿ ಆಟದ ಸುದ್ದಿ ಹೇಳಿದಳು. ತಪ್ಪಿದ ಬಾಂಬು ಇನ್ನು ಮೇಲೆ ನಕ್ಷೆಯ ಮೇಲೆ ಬೀಳುತ್ತದೆ. ಬಿದ್ದ ಮನೆ ಯಾವುದು, ಹೊಲ ಯಾವುದು ಎಂದು ಪರದೆ ಹೆಸರು ಹಿಡಿದು ಹೇಳುತ್ತದೆ. ಗೆಳತಿಯರು ಆಟ ನಿಧಾನವಾಗುತ್ತದೆ ಎಂದರಂತೆ. "ಆಗ್ಲಿ ಅಂದೆ ಮಾಮ. ಹೆದರಿಕೆಗೂ ಒಂದು ಅಂಕಿ ಇಟ್ಟಿದ್ದೀನಿ. ಆದ್ರೆ ಅದು ಯಾರಿಗೆ ಕಾಲು ಕಟ್ತದೆ, ಯಾರಿಗೆ ಬಿಚ್ತದೆ ಅನ್ನೋದು ಆಡೋರಿಗೆ ಮೊದ್ಲೇ ಗೊತ್ತಾಗಲ್ಲ." ಹಿಂದಿನ ಸೀಟಿನಿಂದ ಕರಿಬಸಪ್ಪ, "ಭೇಷ್ ಕಣಮ್ಮ. ಗುಂಡಿಗೆ ಇರೋನು ಆಡ್ಬೇಕು," ಎಂದ.

ಹೊನ್ನಮ್ಮ ಮೊಮ್ಮಗಳ ಮನೆಯ ಜಗುಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಬಲಗೈ ಬೆರಳು ಸಣ್ಣಗೆ ನಡುಗುತ್ತಿದ್ದವು. ಅದು ಆ ದಿನದ್ದೋ ವಯಸ್ಸಿನದ್ದೋ ಹೇಳುವ ಅಧಿಕಾರ ನನಗಿಲ್ಲ. ಕರಿಬಸಪ್ಪನನ್ನು ಕಂಡು ಅವಳ ಕೈ ಸೆರಗಿಗೆ ಹೋಯಿತು. ನಾನು ನಿಂತುಕೊಂಡೇ ಹೇಳಿದೆ. ಎಲ್ಲಿ ನಿಂತಿದ್ದೆ, ಎಷ್ಟು ಹೆಜ್ಜೆ, ಎಷ್ಟು ಇಂಚು, ಏನು ಕೇಳಿದರು, ಏನಂದೆ. ಒಂದನ್ನೂ ಬಿಡಲಿಲ್ಲ.

ಅವಳು ಕೇಳಿ ಮುಗಿಸಿ, ಕೈಯಲ್ಲಿದ್ದ ಕಾಯಿಯ ಕಾಳನ್ನು ಮೊರಕ್ಕೆ ಹಾಕಿದಳು. ಆಮೇಲೆ ಕರಿಬಸಪ್ಪನ ಕಡೆ ತಿರುಗಿದಳು.

"ಅಯ್ಯೋ ಯಪ್ಪಾ! ನಲವತ್ತು ವರ್ಷದ ಮ್ಯಾಲಾತು, ಸೋಮವಾರಕ್ಕೊಂದ್ಸಲ ಬೈದೀನಲ್ಲೋ ನಿನ್ನ. ಆ ಗಿಡ್ಡನ ಕಾಲು ಸೇದಿ ಹೋಗ್ಲಿ ಅಂತ!"

"ಅದಕ್ಕೇ ನನ್ನ ಮಂಡಿ ಹೋಗಿದ್ದು ನೋಡಮ್ಮ," ಎಂದ ಕರಿಬಸಪ್ಪ. "ಡಾಕ್ಟ್ರು ಸವೆದದೆ ಅಂತಾರೆ. ಇದು ಅವ್ರಿಗೆ ಗೊತ್ತಿಲ್ಲ."

ಹೊನ್ನಮ್ಮ ನಕ್ಕಳು, ನಗುತ್ತ ಕಣ್ಣೊರೆಸಿಕೊಂಡಳು, "ಕೂಡು ಬಾ, ಇಲ್ಲಿ ಕೂಡು," ಎಂದು ಪಕ್ಕದ ಜಾಗದ ಸಿಪ್ಪೆ ಸರಿಸಿದಳು. ಅವನು ಕೂತ. ಅವನಿಗೆ ನೀರು ತರಿಸಿದಳು. ಆಮೇಲೆ ನನ್ನನ್ನು ನೋಡಿದಳು, ಇನ್ನೂ ನಿಂತಿದ್ದವನನ್ನು.

"ನೀವು ಹುಷಾರಾಗಿರ್ರಿ. ಇನ್ನು ನಿಮ್ಮ ಸೋಮವಾರ."

ಶೈಲಜ ನಕ್ಕಳು. ನಾನು ನಗಲಿಲ್ಲ. ಹೊನ್ನಮ್ಮನೂ ನಗುತ್ತಿರಲಿಲ್ಲ.

"ನಾ ಯಾಕ ಓಡ್ಲಿಲ್ಲ ಅಂತ ಎಲ್ರೂ ಕೇಳ್ತಿದ್ರು," ಎಂದಳು. "ಯಾಕ ಓಡ್ಲಿ? ಎರಡು ಪಟ್ಟೆ ಬಿಡು ಅಂದ್ರು, ಬಿಟ್ಟಿದ್ದೆ. ಯಾರ ಹೆಜ್ಜೆ ದೊಡ್ಡದು, ಯಾರದು ಸಣ್ಣದು ನೀವು ಅಳತಿ ಮಾಡ್ಕೊಳ್ರಿ. ನಾನು ನನ್ನ ಸಾಲಿನಾಗೆ ಇದ್ದೆ."

ಅವಳು ಕೂರಲು ಹೇಳುವವರೆಗೆ ನಿಂತಿದ್ದೆ. ಸುಮಾರು ಹೊತ್ತಿನ ಮೇಲೆ, ಒಂದು ಹಿಡಿ ಅವರೆಕಾಯಿ ನನ್ನ ಕಡೆ ನೂಕಿ, "ಸುಮ್ನೆ ನಿಲ್ಲಬ್ಯಾಡ್ರಿ, ಸುಲೀರಿ," ಎಂದಳು. ಕೂತು ಸುಲಿದೆ.

ಅಂದಿನ ಆ ಹೊಲದ ಲೆಕ್ಕಕ್ಕೆ ಸೇರಿದವರು ಏಳು ಜನ. ಹೊನ್ನಮ್ಮನ ಜೊತೆ ಕಳೆ ತೆಗೆಯುತ್ತಿದ್ದ ಇಬ್ಬರೂ ಈಗಿಲ್ಲ. ಮೇಲ್ವಿಚಾರಕರು ಹೋಗಿ ಹದಿನಾಲ್ಕು ವರ್ಷವಾಯಿತು. ಪೈಲಟ್ಟಿನ ಸುದ್ದಿ ಗೊತ್ತಿಲ್ಲ. ಅವರು ಕೆಳಗೆ ನೋಡುತ್ತಿರಲಿಲ್ಲ. ಉಳಿದವರು ಮೂವರು. ಹರಿಹರದಲ್ಲಿ ಕರಿಬಸಪ್ಪ. ವಿದ್ಯಾನಗರದಲ್ಲಿ ನಾನು. ಆನೆಕೊಂಡದಲ್ಲಿ ಹೊನ್ನಮ್ಮ.